ಹನ್ನೊಂದರ ಗಾಡಿ ಹೋದ ಮೇಲೆ ಊಟ: ನಿಮ್ಮ ಹೊಲದ ಪಕ್ಕದ ರೈಲು ಯಾವುದು?

ಕೊಬ್ಬರಿತೋಟ:
ನಮ್ಮ ಜಮೀನು ಇರುವುದು ತಿಪಟೂರು, ಅರಸೀಕೆರೆ ಮಧ್ಯೆ. ತೋಟದ ಬೇಲಿ ಮುಗಿದ ಕೂಡಲೇ ರೈಲು ಕಂಬಿ. ಮೊನ್ನೆ ಊರಿಗೆ ಹೋದಾಗ ಅಮ್ಮ ಆಳುಗಳನ್ನು ಕೂಗಿ "ಹನ್ನೊಂದರ ಗಾಡಿ ಹೊತ್ತಾಯಿತು, ಮುದ್ದೆ ಆರೋಗುತ್ತೆ ಬನ್ರಪ್ಪ" ಅಂದರು. ಆ ಗಾಡಿ ನಿಂತು ಇಪ್ಪತ್ತೈದು ವರ್ಷದ ಮೇಲಾಯಿತು. ಮೀಟರ್ ಗೇಜ್, ಅಂದರೆ ಹಳೇ ಕಿರಿದಾದ ಕಂಬಿ, ಕಿತ್ತಾಗಲೇ ಅದೂ ಹೋಯಿತು. ಈಗ ದಿನಕ್ಕೆ ಎಷ್ಟೋ ಗಾಡಿ ಓಡುತ್ತವೆ, ಆದರೆ ಒಂದಕ್ಕೂ ಅಮ್ಮ ಹೆಸರಿಟ್ಟಿಲ್ಲ.

ಇನ್ನೊಂದು. ಯಾರಾದರೂ ಕೆಲಸದಲ್ಲಿ ಎಳೆದಾಡಿದರೆ "ಕೈಮರ ಬಿತ್ತು, ಬೇಗ ಬೇಗ" ಅನ್ನುತ್ತಾರೆ. ನನ್ನ ಮಗಳು "ಯಾವ ಮರ ಬಿತ್ತು ಅಜ್ಜಿ" ಅಂತ ತೋಟಕ್ಕೇ ಓಡಿದಳು. ತೆಂಗಿನ ಮರ ಬಿದ್ದಿರಬೇಕು ಅಂದುಕೊಂಡಿತ್ತು ಪಾಪ.

ನಿಮ್ಮ ಮನೆಗಳಲ್ಲೂ ಇಂಥ ರೈಲು ಲೆಕ್ಕ ಇತ್ತಾ? ಹೊಲ, ದನ, ಕಣ, ಸಂತೆ, ಯಾವುದಾದರೂ ಸರಿ. ಆದರೆ ಒಂದು ಷರತ್ತು. ಪ್ರಯಾಣದ ಕಥೆ ಬೇಡ, ಅದು ಎಲ್ಲ ಕಡೆ ಇದೆ. ರೈಲು ಹತ್ತದೇ ರೈಲಿನ ಪಕ್ಕ ಬದುಕಿದವರ ಕಥೆ ಬೇಕು.

ಎರೆಹೊಲ:
ನಮ್ಮದು ಗದಗ-ಹೊಟಗಿ ಲೈನ್, ವಿಜಯಪುರದ ಕಡೆ. ಅಲ್ಲಿ ಗಡಿಯಾರವೂ ಬೇಡ, ಸೀಟಿಯೂ ಬೇಡ. ನೆಲ ಅಂಗೈ ಹಾಗೆ ಇದೆ, ಮರ ಇಲ್ಲ. ಉಗಿ ಎಂಜಿನ್ ಕಾಲದಲ್ಲಿ ಗಾಡಿ ಬರುವುದಕ್ಕೆ ಎಷ್ಟೋ ಮೊದಲೇ ಹೊಗೆ ಕಾಣುತ್ತಿತ್ತು. ಹೊಗೆ ಕಂಡಾಗ ಬುತ್ತಿ ಬಿಚ್ಚಿದರೆ ಗಾಡಿ ನಮ್ಮ ಹೊಲ ದಾಟುವ ಹೊತ್ತಿಗೆ ಎರಡನೇ ರೊಟ್ಟಿ ಕೈಯಲ್ಲಿ ಇರುತ್ತಿತ್ತು. ಇದು ನಮ್ಮ ಕಾಕಾನ ಲೆಕ್ಕ. ಡೀಸೆಲ್ ಬಂದ ಮೇಲೆ "ಹೊಗೆ ಇಲ್ಲದ್ದು ಎಂಥಾ ಗಾಡಿ" ಅಂತ ಬಹಳ ದಿನ ಬೈದರು.

ಗಂಗಡಿಕಾರ_77:
ನಮ್ಮಲ್ಲಿ ಸಂಜೆ ಗಾಡಿ ಹೋದರೆ ದನ ತಾವೇ ತಿರುಗುತ್ತಿದ್ದವು. ಸುಳ್ಳಲ್ಲ. ಹಿಂದೆ ಯಾರೂ ಇರುತ್ತಿರಲಿಲ್ಲ.

ಸಿಗ್ನಲ್_ಹುಚ್ಚ:
ಕೈಮರ ಅಂದರೆ ಹಳೇ ಸಿಗ್ನಲ್ ಕಂಬ. ಎತ್ತರದ ಕಂಬ, ತುದಿಯಲ್ಲಿ ಕೆಂಪು ಬಣ್ಣದ ಕೈ. ಕೈ ಅಡ್ಡ ನಿಂತಿದ್ದರೆ ಗಾಡಿ ನಿಲ್ಲಬೇಕು. ಸ್ಟೇಷನ್‌ನಿಂದ ತಂತಿ ಎಳೆದಾಗ ಕೈ ಕೆಳಗೆ ಬಾಗುತ್ತದೆ, ಅಂದರೆ ದಾರಿ ಬಿಟ್ಟಿದ್ದಾರೆ, ಗಾಡಿ ಬಂತು ಅಂತ. ಹೊಲದಲ್ಲಿ ಇದ್ದವರಿಗೆ ಸದ್ದು ಕೇಳುವ ಮೊದಲೇ ಕೈ ಬಿದ್ದದ್ದು ಕಾಣುತ್ತಿತ್ತು. ನಿಮ್ಮ ಅಮ್ಮ ಹೇಳುವುದು ಅದನ್ನೇ. ರಾತ್ರಿ ಕೈಯ ಹಿಂದೆ ಸೀಮೆಎಣ್ಣೆ ದೀಪ ಇಡುತ್ತಿದ್ದರು, ಮುಂದೆ ಕೆಂಪು, ಹಸಿರು ಗಾಜು. ಸಂಜೆ ಒಬ್ಬರು ಏಣಿ ಹತ್ತಿ ದೀಪ ಹಚ್ಚಿ ಬರಬೇಕಿತ್ತು.

ಮಲ್ಲಿಗೆಮೊಗ್ಗು:
ಕೆಳಗೆ ಬಾಗುವುದಾ? ನಾನು ಚಿಕ್ಕವಳಿದ್ದಾಗ ನೋಡಿದ್ದು ಮೇಲಕ್ಕೆ ಏಳುತ್ತಿತ್ತು. ಚೆನ್ನಾಗಿ ನೆನಪಿದೆ. ಸಲಾಮ್ ಹೊಡೆದ ಹಾಗೆ.

ಗಂಗಡಿಕಾರ_77:
ಇಲ್ಲ, ಬೀಳುವುದೇ. "ಕೈ ಬಿತ್ತು" ಅಂತಲೇ ಅಲ್ವಾ ಎಲ್ಲ ಹೇಳುವುದು. "ಕೈ ಎದ್ದಿತು" ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಸಿಗ್ನಲ್_ಹುಚ್ಚ:
ಇಬ್ಬರೂ ಸರಿ, ಜಗಳ ಬೇಡ. ಎರಡು ಜಾತಿ ಇದ್ದವು. ಹಳೇದು ಕೆಳಗೆ ಬಾಗುವುದು, ಆಮೇಲೆ ಬಂದದ್ದು ಮೇಲೆ ಏಳುವುದು. ಮೇಲೆ ಏಳುವುದು ಸ್ವಲ್ಪ ಜಾಣತನದ್ದು. ತಂತಿ ಕಿತ್ತುಹೋದರೆ ಕೈ ತನ್ನ ಭಾರಕ್ಕೇ ಅಡ್ಡಕ್ಕೆ ಬಂದು ನಿಲ್ಲುತ್ತದೆ, ಗಾಡಿ ನಿಲ್ಲುತ್ತದೆ. ಕೆಳಗೆ ಬಾಗುವುದಕ್ಕೆ ಅದಕ್ಕಾಗಿ ಬೇರೆ ತೂಕ ಕಟ್ಟಬೇಕಿತ್ತು. ಮೇಡಂ ನೋಡಿದ್ದು ಎರಡನೇದು.

ಮಲ್ಲಿಗೆಮೊಗ್ಗು:
ನೋಡಿ, ನನ್ನ ನೆನಪು ಸರಿಯಾಗೇ ಇದೆ 🙂 ಮನೆಯಲ್ಲಿ ಮೂವತ್ತು ವರ್ಷದಿಂದ ನನ್ನ ಮಾತು ಯಾರೂ ನಂಬಿರಲಿಲ್ಲ.

ಗುಂಡಿಕಾವಲು:
ಎಲ್ಲರೂ ಕಂಬಿ, ಸಿಗ್ನಲ್ ಅನ್ನುತ್ತಿದ್ದೀರಿ. ರೈಲು ನಮ್ಮ ಊರಿಗೆ ಕೊಟ್ಟದ್ದು ಗುಂಡಿ! ಕಂಬಿ ಹಾಕಲು ಏರಿ ಬೇಕಲ್ಲ, ಆ ಮಣ್ಣು ಎಲ್ಲಿಂದ ತರುತ್ತಾರೆ? ಪಕ್ಕದಲ್ಲೇ ಅಗೆದು ಹಾಕಿದ್ದು. ಆದ್ದರಿಂದ ಕಂಬಿ ಉದ್ದಕ್ಕೂ ಸಾಲು ಗುಂಡಿ. ಮುಂಗಾರಿನ ಎರಡು ಮಳೆಗೆ ತುಂಬುತ್ತಿದ್ದವು. ಕಪ್ಪೆ, ಏಡಿ, ಕೊಕ್ಕರೆ, ನಮ್ಮ ಎಮ್ಮೆ, ನಾವು, ಎಲ್ಲ ಅದರಲ್ಲೇ. ಕೆರೆ ಬತ್ತಿದ ಮೇಲೂ ಒಂದು ತಿಂಗಳು ದನಕ್ಕೆ ಅದೇ ನೀರು. ನಾನು ಈಜು ಕಲಿತದ್ದೂ ಅಲ್ಲೇ, ಎಮ್ಮೆ ಬಾಲ ಹಿಡಿದುಕೊಂಡು. ಗಾಡಿ ಬಂದರೆ ಕಿಟಕಿಯವರಿಗೆ ಕೈ ಬೀಸಬೇಕು, ಕೈ ಬೀಸಿದರೆ ಬಾಲ ಬಿಟ್ಟುಹೋಗುತ್ತದೆ. ಮುಳುಗಿ ಎದ್ದು ನೋಡುವಷ್ಟರಲ್ಲಿ ಗಾರ್ಡ್ ಡಬ್ಬಿ ಮಾತ್ರ ಕಾಣುತ್ತಿತ್ತು.

ಬೇಲಿ ಕಥೆಯೂ ಇದೆ. ಕಂಬಿ ಪಕ್ಕ ಸಾಲಾಗಿ ಕತ್ತಾಳೆ ನೆಟ್ಟಿದ್ದರು, ದನ ಹತ್ತಬಾರದು ಅಂತ. ಊರವರು ಅದನ್ನು ಕೊಯ್ದು, ಅದೇ ಗುಂಡಿ ನೀರಲ್ಲಿ ಕೊಳೆಹಾಕಿ, ನಾರು ಬಿಡಿಸಿ ಹಗ್ಗ ಹೊಸೆಯುತ್ತಿದ್ದರು. ದನ ತಡೆಯುವ ಬೇಲಿಯಿಂದಲೇ ದನ ಕಟ್ಟುವ ಹಗ್ಗ.

ಎರೆಹೊಲ:
ಕೊಳೆಹಾಕಿದ ಕತ್ತಾಳೆ ವಾಸನೆ ನೆನಪಾಯಿತು. ಬೇಡಪ್ಪ.

ಕೀಮನ್_ಮಗಳು:
ನಮ್ಮ ಅಪ್ಪ ಕೀಮನ್ ಆಗಿದ್ದರು. ಬೀರೂರಿನಿಂದ ಶಿವಮೊಗ್ಗದ ಕಡೆ ಹೋಗುವ ಲೈನ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕೀಮನ್ ಕೆಲಸ ಅಂದರೆ ದಿನಾ ಬೆಳಿಗ್ಗೆ ತನ್ನ ಪಾಲಿನ ಕಂಬಿ ಪೂರ್ತಿ ನಡೆದು ನೋಡುವುದು. ಹೆಗಲ ಮೇಲೆ ಸುತ್ತಿಗೆ ಮತ್ತು ಉದ್ದದ ಸ್ಪ್ಯಾನರ್, ಚೀಲದಲ್ಲಿ ಕೆಂಪು ಬಾವುಟ, ಹಸಿರು ಬಾವುಟ, ಡಬ್ಬಿಯಲ್ಲಿ ಪಟಾಕಿ. ಅದು ದೀಪಾವಳಿ ಪಟಾಕಿ ಅಲ್ಲ. ಮುಂದೆ ಅಪಾಯ ಇದ್ದರೆ ಕಂಬಿಗೆ ಸಿಕ್ಕಿಸುವುದು. ಎಂಜಿನ್ ಚಕ್ರ ಹತ್ತಿದ ಕೂಡಲೇ ಢಂ ಅನ್ನುತ್ತದೆ, ಡ್ರೈವರ್ ನಿಲ್ಲಿಸುತ್ತಾನೆ. ಕಂಬಿ ಬಿಗಿಯುವ ಕಬ್ಬಿಣದ ಕೀಲಿ ಸಡಿಲವಾಗಿದ್ದರೆ ಎರಡು ಏಟು ಹಾಕಿ ಮುಂದೆ. ಅಪ್ಪ ಎಷ್ಟು ದೂರ ಇದ್ದಾರೆ ಅಂತ ಆ ಟಣ್ ಟಣ್ ಸದ್ದಿನ ಮೇಲೆ ಅಮ್ಮ ಹೇಳುತ್ತಿದ್ದರು.

ಹೊಲದವರಿಗೂ ನಮ್ಮಪ್ಪನಿಗೂ ಒಂದು ಲೇವಾದೇವಿ ಇತ್ತು. ದಿನಾ ಅದೇ ದಾರಿ ನಡೆಯುವವರಿಗೆ ಯಾರ ಬದುವಿನಲ್ಲಿ ಹುಣಸೆ ಹಣ್ಣಾಯಿತು, ಯಾರ ಅವರೆ ಸೊಗಡು ಬಿಟ್ಟಿತು, ಯಾರ ಹೊಲಕ್ಕೆ ಹಂದಿ ನುಗ್ಗಿತು ಎಲ್ಲ ಗೊತ್ತು. ದಾರಿಯಲ್ಲಿ ಸುದ್ದಿ ಹೇಳಿಕೊಂಡು ಬರುತ್ತಿದ್ದರು, ವಾಪಸ್ ಬರುವಾಗ ಚೀಲದಲ್ಲಿ ಬಾವುಟದ ಜೊತೆ ಅವರೆಕಾಯಿ. ನಾವು ಅರ್ಧ ತರಕಾರಿ ಕೊಂಡಿದ್ದೇ ಇಲ್ಲ. ಗುಡಿಸಲು ಪಕ್ಕ ರೈಲ್ವೆ ಜಾಗದಲ್ಲಿ ಸ್ವಲ್ಪ ಬೆಳೆಯಲು ನೌಕರರಿಗೆ ಬಿಡುತ್ತಿದ್ದರು, ಅಮ್ಮ ಅಲ್ಲಿ ಸೊಪ್ಪು, ಬದನೆ ಹಾಕುತ್ತಿದ್ದರು.

ರೈಲು ಅಂದರೆ ಎಲ್ಲರಿಗೂ ಎಂಜಿನ್, ಡ್ರೈವರ್ ನೆನಪಾಗುತ್ತಾರೆ. ಬಿಸಿಲಲ್ಲಿ ಜಲ್ಲಿ ಮೇಲೆ ನಡೆದು ಅಪ್ಪನ ಅಂಗಾಲು ಹೇಗಾಗಿತ್ತು ಅಂತ ನನಗೆ ಗೊತ್ತು.

ಕೊಬ್ಬರಿತೋಟ:
@ಕೀಮನ್_ಮಗಳು ಇಂಥದ್ದಕ್ಕೇ ಕೇಳಿದ್ದು. ನಮ್ಮ ತೋಟದ ಪಕ್ಕ ಹೋಗುತ್ತಿದ್ದ ಕೀಮನ್‌ಗೆ ಅಮ್ಮ ದಿನಾ ಮಜ್ಜಿಗೆ ಇಡುತ್ತಿದ್ದರು. ಇಬ್ಬರೂ ಮಾತಾಡಿದ್ದು ನಾನು ಕೇಳಿಲ್ಲ. ಚೊಂಬು ಬೇಲಿ ಕಲ್ಲಿನ ಮೇಲೆ, ಖಾಲಿ ಚೊಂಬು ಅಲ್ಲೇ ಬೋರಲು.

ಗೂಡುವ್ಯಾಪಾರಿ:
ನಮ್ಮದು ಮದ್ದೂರು ಕಡೆ, ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಪ್ಯಾಸೆಂಜರ್ ಗಾಡಿಯಲ್ಲೇ ಹೋಗುವುದು. ಚಂದ್ರಿಕೆಯಿಂದ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಯಿಂದ, ಬಿಡಿಸಿದ ಗೂಡು ಕಾಯುವುದಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಬಂದರೆ ಮುಗಿಯಿತು, ಆ ಗೂಡಿನಿಂದ ಎಳೆ ಬಿಚ್ಚುವುದಕ್ಕೆ ಆಗುವುದಿಲ್ಲ. ಮೂಟೆ ಗಟ್ಟಿಯಾಗಿ ಕಟ್ಟಿದರೆ ಬಿಸಿಗೆ ಬೆವರುತ್ತದೆ, ರೇಟು ಬಿತ್ತು. ಅದಕ್ಕೆ ಸಡಿಲ ಗಂಟು ಕಟ್ಟಿ, ಕಿಟಕಿ ಪಕ್ಕ ಗಾಳಿಗೆ ಇಟ್ಟುಕೊಂಡು, ಮಗು ಹಿಡಿದ ಹಾಗೆ ಹಿಡಿದುಕೊಂಡು ಹೋಗುತ್ತಿದ್ದೆವು. ಗಾಡಿ ಒಂದು ಗಂಟೆ ಲೇಟಾದರೆ ಅಪ್ಪನ ಮುಖ ನೋಡಲು ಆಗುತ್ತಿರಲಿಲ್ಲ.

ಕೊಬ್ಬರಿತೋಟ:
ಪ್ರಯಾಣದ ಕಥೆ ಬೇಡ ಅಂದಿದ್ದೆ ಸ್ವಾಮಿ 😀

ಗೂಡುವ್ಯಾಪಾರಿ:
ಪ್ರಯಾಣ ಮಾಡಿದ್ದು ಗೂಡು. ನಾನು ಸುಮ್ನೆ ಜೊತೆಗೆ ಹೋಗಿದ್ದು.

ಬಣವೆ:
ನಮ್ಮ ತಾತ ಒಂದು ವರ್ಷದ ಹುಲ್ಲಿನ ಬಣವೆ ರೈಲಿಗೆ ಕಳೆದುಕೊಂಡರು. ಉಗಿ ಎಂಜಿನ್ ಏರು ಹತ್ತುವಾಗ ಚಿಮಣಿಯಿಂದ ಕಿಡಿ ಹಾರುತ್ತಿತ್ತು. ಸುಗ್ಗಿ ಕಾಲ, ಒಣಗಿದ ರಾಗಿ ಹುಲ್ಲು, ಗಾಳಿ ಈ ಕಡೆಗೆ. ಊರೇ ಬಂದು ನೀರು ಹೊಯ್ದರೂ ಉಳಿಯಲಿಲ್ಲ. ಆಮೇಲಿನಿಂದ ನಮ್ಮ ಮನೆಯಲ್ಲಿ ಕಣ ಮಾಡುವುದು, ಬಣವೆ ಒಟ್ಟುವುದು ಎಲ್ಲ ಊರಿನ ಆ ಕಡೆಗೆ. ಈಗ ವಿದ್ಯುತ್ ಎಂಜಿನ್ ಓಡುತ್ತದೆ, ಆದರೂ ಬಣವೆ ಜಾಗ ಮಾತ್ರ ಬದಲಾಗಿಲ್ಲ. ಯಾಕೆ ಅಂತ ನನ್ನ ತಮ್ಮನ ಮಕ್ಕಳಿಗೆ ಗೊತ್ತೇ ಇಲ್ಲ.

ತರ್ಕಶಾಸ್ತ್ರಿ:
ಬೀಡಿ ಕಿಡಿ ಇರಬಹುದು. ರೈಲಿನ ಮೇಲೆ ಹಾಕುವುದು ಸುಲಭ.

ಸಿಗ್ನಲ್_ಹುಚ್ಚ:
ಬೀಡಿಯೂ ಇರಬಹುದು, ಆದರೆ ಎಂಜಿನ್ ಕಿಡಿ ಸುಳ್ಳಲ್ಲ. ಹೊಗೆ ಪೆಟ್ಟಿಗೆಯಲ್ಲಿ ಕಿಡಿ ತಡೆಯಲು ಜಾಲರಿ ಇಡುತ್ತಿದ್ದರು. ಕಿಡಿ ಹಾರದಿದ್ದರೆ ಜಾಲರಿ ಯಾಕೆ? ಅದು ಹರಿದಿದ್ದರೆ, ಡ್ರೈವರ್ ಏರಿನಲ್ಲಿ ಎಂಜಿನ್ ಜೋರಾಗಿ ದುಡಿಸಿದರೆ, ಉರಿಯುವ ಕಲ್ಲಿದ್ದಲ ಚೂರು ಹೊರಗೆ ಬರುತ್ತದೆ.

ಬಣವೆ:
@ತರ್ಕಶಾಸ್ತ್ರಿ ನಮ್ಮ ತಾತ ಬೀಡಿ ಸೇದುತ್ತಿರಲಿಲ್ಲ, ನಶ್ಯ.

ತರ್ಕಶಾಸ್ತ್ರಿ:
ಸರಿ ಸರಿ. ಸೋತೆ. ಇನ್ನೊಂದು ಕೇಳುತ್ತೇನೆ. "ರೈಲಿನ ಸದ್ದು ಹತ್ತಿರ ಕೇಳಿದರೆ ಮಳೆ" ಅಂತ ನಮ್ಮ ಕಡೆ ಹೇಳುತ್ತಾರೆ. ನಿಮ್ಮ ಕಡೆಯೂ ಇದೆಯಾ? ನನಗೆ ನಂಬಿಕೆ ಇಲ್ಲ.

ಎರೆಹೊಲ:
ಇದೆ. ನಮ್ಮ ಅಜ್ಜಿ ಅದನ್ನು ಕೇಳಿಯೇ ಹೊರಗೆ ಹರಡಿದ ಜೋಳ ಒಳಗೆ ಎಳೆಸುತ್ತಿದ್ದಳು. ಹತ್ತರಲ್ಲಿ ಆರು ಸಲ ಸರಿ ಇರುತ್ತಿತ್ತು. ಉಳಿದ ನಾಲ್ಕು ಸಲ ಜೋಳ ಮತ್ತೆ ಹೊರಗೆ ಹೊತ್ತವನು ನಾನು.

ಗಾಳಿಪಟ_ಮೇಷ್ಟ್ರು:
ಭೌತವಿಜ್ಞಾನ ಪಾಠ ಮಾಡುತ್ತಿದ್ದವನು, ಆದ್ದರಿಂದ ಸುಮ್ಮನಿರಲು ಆಗುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಸದ್ದು ದೂರ ಹೋಗುತ್ತದೆ. ಮುಂಗಾರಿನ ಗಾಳಿ ನಮ್ಮಲ್ಲಿ ಪಡುವಣದಿಂದ ಬರುತ್ತದೆ. ಹಾಗಾಗಿ ಕಂಬಿ ನಿಮ್ಮ ಊರಿಗೆ ಪಶ್ಚಿಮಕ್ಕೆ ಇದ್ದರೆ ಮಳೆಗಾಲದ ಹೊಸ್ತಿಲಲ್ಲಿ ರೈಲು ಹಿತ್ತಲಲ್ಲೇ ಹೋದ ಹಾಗೆ ಕೇಳುತ್ತದೆ. ಕಂಬಿ ಪೂರ್ವಕ್ಕೆ ಇದ್ದರೆ ಗಾದೆ ಉಲ್ಟಾ. ಇನ್ನು ರಾತ್ರಿ ಸದ್ದು ಹತ್ತಿರ ಕೇಳುವುದಕ್ಕೆ ಮಳೆಯೇ ಬೇಕಿಲ್ಲ. ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗೆ ಇದ್ದರೆ ಸದ್ದು ಮೇಲೆ ಹೋಗದೆ ಬಾಗಿ ಕೆಳಗೇ ಬರುತ್ತದೆ. ಮಾಗಿ ಚಳಿಯಲ್ಲಿ ನೋಡಿ, ಮಳೆ ಸುಳಿವೂ ಇರುವುದಿಲ್ಲ, ರೈಲು ಮಾತ್ರ ದಿಂಬಿನ ಪಕ್ಕ ಹೋಗುತ್ತದೆ.

ಎರೆಹೊಲ:
ಕಂಬಿ ನಮ್ಮೂರಿಗೆ ಪಶ್ಚಿಮಕ್ಕೇ ಇದೆ! ಅಜ್ಜಿ ಗೆದ್ದಳು.

ತರ್ಕಶಾಸ್ತ್ರಿ:
ನಮ್ಮೂರಿಗೆ ಪೂರ್ವಕ್ಕೆ. ಅದಕ್ಕೇ ನನಗೆ ನಂಬಿಕೆ ಇರಲಿಲ್ಲ ಅಂತ ಬರೆದುಕೊಳ್ಳಿ.

ಅಡಿಕೆಮನೆ:
ತಾಳಗುಪ್ಪ ಲೈನ್ ಯಾರೂ ಹೇಳಲಿಲ್ಲ. ಮೀಟರ್ ಗೇಜ್ ಕಾಲದ ಕೊನೆಯಲ್ಲಿ ಶಿವಮೊಗ್ಗದಿಂದ ಬರುತ್ತಿದ್ದದ್ದು ರೈಲು ಬಸ್. ಕಂಬಿ ಮೇಲೆ ಓಡುವ ಬಸ್ಸು, ಅಷ್ಟೇ. ಕಾಡಿನ ಮಧ್ಯೆ ಪೊಂಯ್ ಅಂದುಕೊಂಡು ಬರುತ್ತಿತ್ತು. ನಮ್ಮ ಗದ್ದೆ ಕೆಲಸದ ಹೆಂಗಸರು ಅದನ್ನು ನೋಡಿ "ಬಸ್ಸಿಗೆ ದಾರಿ ತಪ್ಪಿದೆ" ಅಂತ ದಿನಾ ನಗುತ್ತಿದ್ದರು. ದಿನಾ ಅದೇ ಮಾತು, ದಿನಾ ಅದೇ ನಗು.

ಬೌರಿಂಗ್‌ಪೇಟೆ:
ಕೋಲಾರದ ಕಡೆಯೂ ರೈಲು ಬಸ್ ಇತ್ತು. ಅದಕ್ಕೂ ಮೊದಲು ಬಂಗಾರಪೇಟೆ-ಕೋಲಾರ ನ್ಯಾರೋ ಗೇಜ್, ಕಂಬಿ ಅಗಲ ಬರೀ 762 ಮಿಲಿಮೀಟರ್. ಒಂದು ಎತ್ತಿನ ಗಾಡಿ ಅದಕ್ಕಿಂತ ಅಗಲ. ಬ್ರಾಡ್ ಗೇಜ್ 1676, ಮೀಟರ್ ಗೇಜ್ ಹೆಸರೇ ಹೇಳುವ ಹಾಗೆ 1000. ನಮ್ಮ ಮಾವ ಸೈಕಲ್‌ನಲ್ಲಿ ಆ ಗಾಡಿ ಜೊತೆ ಪಂದ್ಯ ಕಟ್ಟಿ ಗೆದ್ದೆ ಅನ್ನುತ್ತಾರೆ. ಅರ್ಧ ನಂಬುತ್ತೇನೆ.

ಹಿಂಗಾರು:
ಎಲ್ಲರೂ ಸಿಹಿ ಸಿಹಿ ಬರೆಯುತ್ತಿದ್ದೀರಿ, ಸ್ವಲ್ಪ ಖಾರ ಹಾಕುತ್ತೇನೆ. ಈ ಲೈನ್‌ಗಳು ರೈತನಿಗಾಗಿ ಬಂದವು ಅಂತ ಅಂದುಕೊಳ್ಳಬೇಡಿ. ಧಾತು ಈಶ್ವರದ ಬರ, ಅಂದರೆ 1876-78ರಲ್ಲಿ, ಕಂಬಿ ಇದ್ದ ಊರುಗಳಿಂದಲೂ ಧಾನ್ಯ ಹೊರಗೆ ಹೋಯಿತು. ಬೆಲೆ ಜಾಸ್ತಿ ಇರುವ ಕಡೆಗೆ ವ್ಯಾಪಾರಿ ಸಾಗಿಸಿದ. ರೈಲು ಹಸಿದವನ ಕಡೆಗೆ ಓಡುವುದಿಲ್ಲ, ದುಡ್ಡಿನ ಕಡೆಗೆ ಓಡುತ್ತದೆ.

ಎರೆಹೊಲ:
ಅರ್ಧ ಒಪ್ಪುತ್ತೇನೆ. ಆದರೆ ನಮ್ಮ ಹೊಟಗಿ-ಗದಗ ಲೈನ್ 1884ರಲ್ಲಿ ಬಂದದ್ದೇ ಆ ಬರದ ಪಾಠದಿಂದ. 1880ರ ಬರಗಾಲ ಆಯೋಗ ಬರ ಬಂದಾಗ ಧಾನ್ಯ ತರಲು ಇಂಥ ರಕ್ಷಣಾ ಲೈನ್ ಹಾಕಿ ಅಂತ ಹೇಳಿತ್ತು. ಬೆಂಗಳೂರು-ಮೈಸೂರು ದಾರಿಗೂ ಬರದ ಕಾಲದಲ್ಲೇ ಮಣ್ಣು ಹೊತ್ತದ್ದು, 1882ಕ್ಕೆ ಮೈಸೂರು ಮುಟ್ಟಿತು. ಕೂಲಿ ಸಿಕ್ಕಿದವರು ಬದುಕಿದರು.

ಹಿಂಗಾರು:
ಬದುಕಿದವರು ಬದುಕಿದರು. ನಿಮ್ಮ ಲೈನ್‌ನಲ್ಲೇ ಮಳೆ ಹೋದ ವರ್ಷ ಗುಳೆ ಹೋಗುವವರನ್ನು ನೀವು ನೋಡಿಲ್ವಾ? ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು.

ಎರೆಹೊಲ:
ನೋಡಿದ್ದೇನೆ. ನಮ್ಮ ಓಣಿಯಿಂದಲೇ ಹೋದರು. ಮನೆ ಬಾಗಿಲಿಗೆ ಮುಳ್ಳು ಹಚ್ಚಿ, ನಾಯಿಯನ್ನು ನಮಗೆ ಒಪ್ಪಿಸಿ ಹೋಗುತ್ತಿದ್ದರು. ಆ ನಾಯಿ ಎರಡು ದಿನ ಸ್ಟೇಷನ್‌ನಲ್ಲೇ ಕೂತಿರುತ್ತಿತ್ತು. ಅದರ ಬಗ್ಗೆ ಬರೆಯಬಾರದು ಅಂತಿದ್ದೆ.

ಕಬ್ಬಿನ_ಟ್ರ್ಯಾಕ್ಟರ್:
ಹಳೇದು ಬಿಡಿ, ಈಗಿನ ಗೋಳು ಕೇಳಿ. ನಮ್ಮ ಜಮೀನು ಕಂಬಿಯ ಎರಡೂ ಕಡೆ ಇದೆ. ಮೊದಲು ಕಾವಲಿಲ್ಲದ ಗೇಟ್ ಇತ್ತು, ಎರಡೂ ಕಡೆ ನೋಡಿ ದಾಟುತ್ತಿದ್ದೆವು. ಬ್ರಾಡ್ ಗೇಜ್‌ನಲ್ಲಿ ಅಂಥ ಗೇಟ್‌ಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ತೆಗೆದರು. ಒಳ್ಳೇದೇ, ಎಷ್ಟು ಜನ ಸತ್ತಿದ್ದಾರೆ. ನಮಗೆ ಸಿಕ್ಕಿದ್ದು ಅಂಡರ್‌ಪಾಸ್. ಕಬ್ಬು ತುಂಬಿದ ಟ್ರ್ಯಾಕ್ಟರ್ ಅದರೊಳಗೆ ಹೋಗುವುದಿಲ್ಲ, ಮೇಲಿನ ಎರಡು ಸಾಲು ಇಳಿಸಬೇಕು. ಮಳೆ ಬಂದರೆ ಸೊಂಟದವರೆಗೆ ನೀರು. ಕಟ್ಟಿದವರು ನೀರು ಹೋಗುವ ದಾರಿ ಮಾಡಿದ್ದಾರೆ, ಆದರೆ ಅದು ಅಂಡರ್‌ಪಾಸ್‌ಗಿಂತ ಎತ್ತರದಲ್ಲಿದೆ! ಕಾಣುವ ಹೊಲಕ್ಕೆ ಆರು ಕಿಲೋಮೀಟರ್ ಸುತ್ತಿ ಹೋಗುತ್ತಿದ್ದೇನೆ.

ಗುಂಡಿಕಾವಲು:
ಅಂದರೆ ಹೊಸ ಗುಂಡಿ ಬಂತು. ಎಮ್ಮೆ ಬಿಡಿ.

ಕಬ್ಬಿನ_ಟ್ರ್ಯಾಕ್ಟರ್:
ನಗು ಬರುತ್ತಿಲ್ಲ ಸಾರ್. ಸರಿ, ಸ್ವಲ್ಪ ಬಂತು.

ಕೀಮನ್_ಮಗಳು:
ಗೇಟ್ ತೆಗೆದದ್ದು ಸರಿ ಅಂತಲೇ ನಾನು ಹೇಳುವುದು. ಎತ್ತಿನ ಗಾಡಿ ಸಿಕ್ಕಿಬಿದ್ದ ದಿನ ಅಪ್ಪ ಊಟ ಮಾಡಿರಲಿಲ್ಲ. ಮೊದಲು ಹೋಗಿ ಹಗ್ಗ ಕೊಯ್ದದ್ದು ಅವರೇ. ಒಂದು ಎತ್ತು ಉಳಿಯಿತು.

ಕಾಫಿಗಿಡ:
ಸ್ವಲ್ಪ ಬೇರೆ ವಿಷಯ. ಮಲೆನಾಡಿನಲ್ಲಿ ಈಗ ಹಳೇ ರೈಲು ಕಂಬಿ ಆನೆ ತಡೆಯಲು ಬಂದಿದೆ. ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ಕಂಬಿ ನೆಟ್ಟು ಅಡ್ಡಕ್ಕೂ ಕಂಬಿ ಬಿಗಿದು ಬೇಲಿ ಮಾಡಿದ್ದಾರೆ. ಕತ್ತಾಳೆ ಬೇಲಿ ಕಂಬಿಯನ್ನು ಕಾಯುತ್ತಿತ್ತು ಅಂದಿರಿ, ಈಗ ಕಂಬಿಯೇ ಬೇಲಿ. ಆದರೂ ಒಂದೊಂದು ಆನೆ ಹತ್ತಿ ದಾಟುತ್ತದೆ.

ಅಡಿಕೆಮನೆ:
ನಮ್ಮ ಕೊಟ್ಟಿಗೆ ತೊಲೆ ಹಳೇ ಮರದ ಸ್ಲೀಪರ್, ಕಂಬಿ ಕೆಳಗೆ ಅಡ್ಡ ಹಾಕುವ ದಿಮ್ಮಿ. ಹರಾಜಿನಲ್ಲಿ ತಂದದ್ದು. ಮೊಳೆ ತೂತು ಇನ್ನೂ ಇದೆ, ಗುಬ್ಬಿ ಗೂಡು ಕಟ್ಟಿದೆ. ಗೆದ್ದಲು ಹತ್ತಿರ ಸುಳಿದಿಲ್ಲ.

ಮಲ್ಲಿಗೆಮೊಗ್ಗು:
ನಮ್ಮ ಶಾಲೆಯ ಗಂಟೆ ಒಂದು ಮೊಳ ಕಂಬಿ ತುಂಡು! ಬೇವಿನ ಮರಕ್ಕೆ ತಂತಿಯಲ್ಲಿ ನೇತು ಹಾಕಿದ್ದರು. ಹೊಡೆಯಲು ಒಂದು ದಪ್ಪ ಬೋಲ್ಟ್. ಅದೂ ರೈಲಿನದ್ದೇ ಇರಬೇಕು.

ಗಂಗಡಿಕಾರ_77:
ನಮ್ಮಲ್ಲೂ.

ಬೌರಿಂಗ್‌ಪೇಟೆ:
ನಮ್ಮಲ್ಲೂ. ಒಂದು ಸಲ ಕಳವಾಯಿತು. ಮೂರು ದಿನ ಶಾಲೆ ಯಾವಾಗ ಬಿಡಬೇಕು ಅಂತ ಯಾರಿಗೂ ಗೊತ್ತಾಗಲಿಲ್ಲ, ಮೇಷ್ಟ್ರು ಗಾಡಿ ನೋಡಿ ಬಿಟ್ಟರು.

ಕೊಬ್ಬರಿತೋಟ:
ರಾತ್ರಿ ಫೋನ್ ಮಾಡಿ ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಕೈಮರ ಕೆಳಗೆ ಬೀಳುವುದಾ ಮೇಲೆ ಏಳುವುದಾ ಅಂತ ಕೇಳಿದೆ. "ನಮ್ಮ ಕಡೇದು ಬೀಳುತ್ತಿತ್ತು, ಬೇರೆಯವರದ್ದು ನನಗೇನು ಗೊತ್ತು" ಅಂದರು. ಗುಂಡಿ ಕಥೆಗೆ ತುಂಬಾ ನಕ್ಕರು. ಕೀಮನ್‌ಗೆ ಮಜ್ಜಿಗೆ ಇಡುತ್ತಿದ್ದದ್ದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಬೇಸಿಗೇಲಿ ಎರಡು ಚೊಂಬು ಕುಡಿಯೋನು" ಅಂದರು.

ಆಮೇಲೆ ಬಾಂಬ್ ಹಾಕಿದರು. ಹನ್ನೊಂದರ ಗಾಡಿ ಹನ್ನೊಂದಕ್ಕೆ ಬರುತ್ತಲೇ ಇರಲಿಲ್ಲವಂತೆ! ಹೆಸರು ಮಾತ್ರ ಹನ್ನೊಂದು, ಬರುವುದು ಹನ್ನೆರಡೂ ಕಾಲಿಗೆ, ಒಂದೊಂದು ದಿನ ಒಂದು ಗಂಟೆ. ನಾನು ಇಷ್ಟು ವರ್ಷ ಅಮ್ಮ ಆಳುಗಳಿಗೆ ಬೇಗ ಊಟ ಹಾಕುತ್ತಾರೆ ಅಂತ ಹೊಗಳಿಕೊಂಡು ತಿರುಗಿದ್ದೆ. ಮೊನ್ನೆಯೂ ಗಡಿಯಾರ ನೋಡಿರಲಿಲ್ಲ.

ತರ್ಕಶಾಸ್ತ್ರಿ:
ಹಾಗಾದರೆ ಗಾಡಿ ಸರಿಯಾದ ಸಮಯಕ್ಕೆ ಬಂದ ದಿನ ಏನು ಮಾಡುತ್ತಿದ್ದರಂತೆ?

ಕೊಬ್ಬರಿತೋಟ:
ಕೇಳಿದೆ. "ಹಂಗೆ ಒಂದ್ ದಿನ ಬಂದಿತ್ತು, ಮುದ್ದೆಗೆ ಎಸರೇ ಇಟ್ಟಿರಲಿಲ್ಲ" ಅಂದರು.